ಏಳು ವಾರ ಹೊರಗೆ

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಹಿತ್ತಿಲಿನಿಂದ ಬಂದ ಅಮ್ಮ ಒಳಗೆ ಕಾಲಿಡದೆ ಕೊಟ್ಟಿಗೆಯ ಪಕ್ಕದ ಕೋಣೆಯ ಹೊಸ್ತಿಲಲ್ಲಿ ನಿಂತು, ತಾನು ಹೊರಗಾದೆ ಎಂದಳು. ಗಡಿಯಾರ ನೋಡಿದ್ದು ನೆನಪಿದೆ. ಆರಕ್ಕೆ ಅಪ್ಪ ದೇವಸ್ಥಾನಕ್ಕೆ ಹೊರಡುವುದರೊಳಗೆ ನೈವೇದ್ಯದ ಅನ್ನ ನಾನು ಮಾಡಬೇಕಾಗಿತ್ತು.

ಅಮ್ಮನಿಗೆ ಮುಟ್ಟು ನಿಂತು ಎಂಟು ವರ್ಷವಾಗಿತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಓದಿ, ಬೇಲೂರಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ನಾನು, ಮತ್ತೆ ಹೇಗೆ ಬಂತು ಎಂದು ಕೇಳಲಿಲ್ಲ. ಅಕ್ಕಿ ತೊಳೆದೆ. ಈಗಲೂ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಮೂರು ದಿನ ಕೂತು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಹನ್ನೆರಡು ದಿನ ಬಿಟ್ಟು ಮತ್ತೆ. ಆಮೇಲೆ ವಾರಕ್ಕೇ. ಮುದುಕಿಗೆ ಸರ್ಕಾರಿ ನೌಕರರಿಗಿಂತ ಹೆಚ್ಚು ರಜ ಎಂದು ತಾನೇ ನಗುತ್ತಿದ್ದಳು. ರಾತ್ರಿ ನಾಲ್ಕೈದು ಸಲ ಹಿತ್ತಿಲಿಗೆ ಹೋಗುತ್ತಿದ್ದಳು. ಚಿಲಕದ ಸದ್ದಿಗೆ ನನಗೂ ಎಚ್ಚರ. ತರಗತಿಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ತೂಕಡಿಸುತ್ತಿದ್ದೆ.

ಏಳನೆಯ ವಾರ, ಬಟ್ಟೆ ನಾನೇ ನೆನೆಸುತ್ತೇನೆ ಎಂದು ಹೋದಾಗ ದೂರದಿಂದಲೇ ತಡೆದಳು.

“ಮುಟ್ಟಬೇಡ ಕಣೇ. ಅದರಲ್ಲಿ ಕಲೆ ಏನಿಲ್ಲ. ಬಟ್ಟೆಗೆ ಆಗೋದೇ ಇಲ್ಲ, ಒಂದಕ್ಕೆ ಹೋದಾಗ ಮಾತ್ರ.”

“ಮೊದಲೇ ಯಾಕಮ್ಮ ಹೇಳಲಿಲ್ಲ?”

“ನೀನು ಕೇಳಿದ್ಯಾ?”

ಮರುದಿನ ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಯ ಡಾಕ್ಟರರ ಹತ್ತಿರ ಹೋದೆವು. ನರ್ಸ್ ರಬ್ಬರ್ ನಳಿಕೆ ಹಾಕಿ ತೆಗೆದ ಮೂತ್ರವೂ ಕೆಂಪಗೇ ಇತ್ತು. ಅಂದರೆ ರಕ್ತ ಗರ್ಭಕೋಶದ್ದಲ್ಲ. ಮೂತ್ರಕೋಶದಲ್ಲಿ ಗಡ್ಡೆಯಿದ್ದರೆ ಅದರ ಜೀವಕೋಶಗಳು ಉದುರಿ ಮೂತ್ರದಲ್ಲಿ ಬರುತ್ತವೆ, ಬೆಂಗಳೂರಿನಲ್ಲಿ ಅವಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ ಎಂದರು ಡಾಕ್ಟರು. ಬೆಳಗಿನ ಮೊದಲನೆಯದು ಬೇಡ, ರಾತ್ರಿಯೆಲ್ಲ ನಿಂತು ಕೋಶಗಳು ಕೆಟ್ಟಿರುತ್ತವೆ. ಓಡಾಡಿ, ಆಮೇಲೆ ಹೋದದ್ದಕ್ಕೆ ಅಷ್ಟೇ ಸ್ಪಿರಿಟ್ ಬೆರೆಸಬೇಕು. ಛತ್ರದಲ್ಲಿ ಉಳಿದು ಮೂರು ದಿನಕ್ಕೆ ಮೂರು ಸೀಸೆ ತುಂಬಿದೆವು. ಅಂಗಳದಲ್ಲಿ ಅಮ್ಮ ಸುತ್ತು ಹಾಕುವುದನ್ನು ಕಂಡವರು ಯಾವುದೋ ಹರಕೆ ಎಂದುಕೊಂಡರು. ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ನಾನು ರೈಲು ಹತ್ತಿದೆ.

ಕ್ಯಾನ್ಸರ್ ಕೋಶಗಳಿವೆ ಎಂದು ವರದಿ ಬಂತು. ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ.

“ಹಾಗಾದ್ರೆ ಇಷ್ಟು ದಿನ ಅವಳು ಸುಮ್ಮಸುಮ್ಮನೆ ಹೊರಗೆ ಕೂತಿದ್ಳಾ?”

ಬೆಂಗಳೂರಿನ ಆಸ್ಪತ್ರೆಯಲ್ಲಿ ದೀಪವಿರುವ ನಳಿಕೆ ತೂರಿಸಿ ನೋಡಿ ಗಡ್ಡೆಯನ್ನು ಸುಟ್ಟರು. ಚಿಕ್ಕದಿತ್ತು, ಆಳಕ್ಕೆ ಇಳಿದಿರಲಿಲ್ಲ. ಇನ್ನೊಂದು ವರ್ಷ ಹೀಗೇ ಕಳೆದಿದ್ದರೆ ತಾವೂ ಕೈಚೆಲ್ಲಬೇಕಿತ್ತು ಎಂದರು. ಅಲ್ಲಿಂದ ಮೂರು ತಿಂಗಳಿಗೊಮ್ಮೆ ಮತ್ತೆ ಸೀಸೆ, ಮತ್ತೆ ರೈಲು. ವರದಿಯಲ್ಲಿ ಏನೂ ಕಾಣದಿದ್ದರೂ ಒಳಗೆ ಏನೂ ಇಲ್ಲವೆಂದಲ್ಲ ಎಂದು ಮೊದಲೇ ಹೇಳಿದ್ದರು. ನನ್ನ ನಿದ್ದೆಗೆಡಿಸಲು ಅಷ್ಟು ಸಾಕಿತ್ತು. ಅಮ್ಮ ಎದ್ದರೆ ಎದ್ದಳೆಂದು ಭಯ, ಏಳದಿದ್ದರೆ ಏಳಲಿಲ್ಲವೆಂದು ಭಯ.

ವರ್ಷ ತುಂಬಿದ ಮೇಲೆ ಸೀಸೆಯಲ್ಲೂ ಏನೂ ಸಿಗಲಿಲ್ಲ, ನಳಿಕೆ ಹಾಕಿ ನೋಡಿದಾಗಲೂ ಏನೂ ಕಾಣಲಿಲ್ಲ. ಸೋಮವಾರ ಸಂಜೆ ಊರು ಸೇರಿದೆವು. ಮೊಸರನ್ನ ಉಂಡು ಮಲಗಿದ ಅಮ್ಮ ರಾತ್ರಿ ಒಮ್ಮೆಯೂ ಹಿತ್ತಿಲಿಗೆ ಏಳಲಿಲ್ಲ. ನಾನೂ ಏಳಲಿಲ್ಲ. ಮಂಗಳವಾರ ಹಾಲಿನವಳು ಬಾಗಿಲು ತಟ್ಟಿ ನಮ್ಮಿಬ್ಬರನ್ನೂ ಎಬ್ಬಿಸಿದಾಗ ನಡುಮನೆಗೆ ಬಿಸಿಲು ಬಂದಿತ್ತು.