ಲ್ಯಾಟಿನ್ ಟೆಸ್ಟ್ ನಡೆಯುವಾಗ ಬಂದ ಐದು ಕರೆಗಳು

ಲಾಕ್‌ಡೌನ್ ಕಾಲದಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ಒಂದು ನಿಯಮವಿತ್ತು: ಮಗಳ ಆನ್‌ಲೈನ್ ಲ್ಯಾಟಿನ್ ತರಗತಿ ನಡೆಯುವಾಗ ಯಾರೂ ಸದ್ದು ಮಾಡಕೂಡದು. ನಿಯಮ ಮಾಡಿದವರು ನನ್ನ ಗಂಡ. ಡಾಕ್ಟರಾಗುವವರಿಗೆ ಲ್ಯಾಟಿನ್ ಬೇಕೇ ಬೇಕು ಎಂದು ಅವರ ತಲೆಗೆ ಯಾರು ತುಂಬಿದರೋ! ಕನ್ನಡದಲ್ಲಿ ಕೇಳಿದರೆ ಇಲ್ಲಿನವರಂತೆ ಮಾತಿಗೊಂದು 'ಲಾ' ಸೇರಿಸಿ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ಯಾರೂ ಆಡದ ಭಾಷೆಯ ಕ್ರಿಯಾಪದಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದಳು.

ಅವರು ಕೋವಿಡ್ ಬಂದು ಒಳಕೋಣೆ ಸೇರಿದ ನಾಲ್ಕನೆಯ ದಿನ ಅವಳಿಗೆ ಟೆಸ್ಟ್ ಇತ್ತು. ಏನಾದರೂ ಬೇಕಾದರೆ ಫೋನ್ ಮಾಡಿ ಎಂದು ಅವರಿಗೆ ಹೇಳಿದ್ದ ನಾನೇ, ಟೆಸ್ಟಿಗೆ ತೊಂದರೆಯಾಗದಿರಲೆಂದು ಫೋನನ್ನು ಸೈಲೆಂಟಿಗೆ ಹಾಕಿ ಅವಳ ಪಕ್ಕ ಕೂತೆ. ಮುಗಿದ ಮೇಲೆ ನೋಡಿದರೆ ಐದು ಮಿಸ್ಡ್ ಕಾಲ್.

ಓಡಿಹೋಗಿ ಬಾಗಿಲು ತೆರೆದೆ. ಅವರ ತುಟಿ ನೀಲಿಯಾಗಿತ್ತು. ಬೆರಳಿನ ಆಕ್ಸಿಮೀಟರ್ ಎಂಬತ್ತೆರಡು ತೋರಿಸುತ್ತಿತ್ತು.

"ಬಾಗಿಲಾದ್ರೂ ಬಡೀಬಾರ್ದಿತ್ತೇನ್ರೀ?" ಎಂದು ಕಿರುಚಿದೆ.

"ಟೆಸ್ಟ್... ನಡೀತಿತ್ತಲ್ಲೇ," ಎಂದರು, ಏದುಸಿರಿನಲ್ಲಿ.

"ಅಪ್ಪಾ, ಇಟ್ಸ್ ಜಸ್ಟ್ ಲ್ಯಾಟಿನ್ ಲಾ!" ಎಂದು ಮಗಳು ಹೊಸ್ತಿಲಲ್ಲೇ ಅತ್ತಳು.

ಆಂಬುಲೆನ್ಸ್ ಬಂತು. ಎರಡು ವಾರದ ಮೇಲೆ ಅವರು ಮನೆಗೂ ಬಂದರು. ಮರುದಿನ ತರಗತಿ ಶುರುವಾದದ್ದೇ ತಡ, ಅಡುಗೆಮನೆಗೆ ಬಂದು ತುಟಿಯ ಮೇಲೆ ಬೆರಳಿಟ್ಟು, "ಶ್! ಕುಕ್ಕರ್ ಆಫ್ ಮಾಡೇ," ಎಂದರು.

ನಾನು ಫೋನಿನ ರಿಂಗನ್ನು ಪೂರ್ತಿ ಏರಿಸಿ, ಮಗಳ ಲ್ಯಾಟಿನ್ ಪುಸ್ತಕದ ಮೇಲೇ ಇಟ್ಟು ಬಂದೆ. ಅವಳು ಕ್ರಿಯಾಪದ ಒಪ್ಪಿಸತೊಡಗಿದರೆ ಇವತ್ತಿಗೂ ನಾನೊಮ್ಮೆ ಎದ್ದು ಹೋಗಿ ಆ ಒಳಕೋಣೆಯ ಬಾಗಿಲು ತೆರೆದು ನೋಡುತ್ತೇನೆ.