ಕುಸ್ವಾರ್ ಸವಾರಿ

ಉರ್ಸುಲಾ ಲಸ್ರಾದೊ ಮೊದಲ ಸಲ ಕುದುರೆ ಹತ್ತಿದ್ದು ವಯಸ್ಸು ನಲವತ್ತೈದು ದಾಟಿದ ಮೇಲೆ. ಆ ವಯಸ್ಸಿನಲ್ಲಿ ನಮ್ಮ ಕಡೆಯ ಹೆಂಗಸರು ಹತ್ತುವುದು ಹೆಚ್ಚೆಂದರೆ ಡಾಕ್ಟರ ತೂಕದ ಯಂತ್ರವನ್ನು, ಅದೂ ಕಣ್ಣು ಮುಚ್ಚಿಕೊಂಡು.

ಕಿನ್ನಿಗೋಳಿಯ ಉರ್ಸುಲಾ ದುಬೈಗೆ ಬಂದದ್ದು ಗಂಡ ನಾರ್ಬರ್ಟರ ವೀಸಾದ ಬಾಲ ಹಿಡಿದು. ನಾರ್ಬರ್ಟ್ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಮಗಳು ಓದಲು ಮಣಿಪಾಲಕ್ಕೆ ಹೊರಟ ಮೇಲೆ ಮನೆಯಲ್ಲಿ ಕೂತು ಗೋಡೆ ನೋಡುವುದೇಕೆಂದು ಉರ್ಸುಲಾ ಕೆಲಸ ಹುಡುಕಿದರು. ಸಿಕ್ಕಿದ್ದು ಕುದುರೆ ಲಾಯವೊಂದರ ಕೌಂಟರ್. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳೆಲ್ಲ ಮುಗಿದು ಮರಳುಗಾಡು ಬಾಯಿ ತೆರೆಯುವಲ್ಲಿ ಆ ಲಾಯ. “ಕುದುರೆಯ ಕೆಲಸ ಕುದುರಿತು” ಎಂದು ಊರಿಗೆ ಫೋನು ಮಾಡಿದರೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: “ಲಾಯ ಲಾಯ್ಕುಂಟಾ?”

ಲಾಯ ಲಾಯ್ಕಾಗಿ, ಚೆನ್ನಾಗಿಯೇ ಇತ್ತು. ತೊಂದರೆ ಎಂದರೆ ಫೋನಿನಲ್ಲಿ ಗಿರಾಕಿಗಳು ಕೇಳುತ್ತಿದ್ದ ಪ್ರಶ್ನೆಗಳು. ಕುದುರೆ ಸಾಧುವಾ? ಕೂತರೆ ಹೇಗನಿಸುತ್ತದೆ? ಸೊಂಟ ನೋಯುತ್ತದಾ? ಉತ್ತರ ಗೊತ್ತಿಲ್ಲದೆ ಗೊತ್ತಿದ್ದಂತೆ ಹೇಳುವುದು ಉರ್ಸುಲಾಗೆ ಒಗ್ಗಲಿಲ್ಲ. ಕಾನ್ವೆಂಟಿನಲ್ಲಿ ಕಲಿತವರಿಗೆ ಈ ಕಾಯಿಲೆ ಇರುತ್ತದೆ. ಹಾಗಾಗಿ ಒಂದು ದಿನ ಹತ್ತಿಯೇ ನೋಡುತ್ತೇನೆ ಎಂದರು.

“ಉರ್ಸು, ನೀನು ಬಿದ್ದರೆ ನಿನಗೆ ಇನ್ಶೂರೆನ್ಸ್ ಉಂಟು,” ಎಂದರು ನಾರ್ಬರ್ಟ್. “ನೀನು ಕೂತರೆ ಕುದುರೆಗೆ ಎಂಥ ಉಂಟು?”

ಉರ್ಸುಲಾ ಹತ್ತಿದರು. ಮರಳಿಗೆ ಬಿದ್ದರು, ಮರಳಿ ಎದ್ದರು, ಕೊನೆಗೆ ಪೂರ್ತಿ ಮರುಳಾದರು. ಕೌಂಟರ್ ಮುಚ್ಚಿದ ಮೇಲೆ ದಿನವೂ ಸವಾರಿ ಕಲಿತರು. ಕೆಲವು ವರ್ಷಗಳಲ್ಲಿ ದೊಡ್ಡವರ ಸವಾರಿಯ ಬಾಲಂಗೋಚಿಯಾಗಿ ಹಿಂದೆ ಹೋಗಿಬರುವಷ್ಟು ಪಳಗಿದರು. ಆದರೆ ಅವರ ಆಸೆ ಇದ್ದದ್ದು ಸಾಲಿನ ಮುಂದೆ. ಒಂದು ಸವಾರಿಯನ್ನು, ಒಂದೇ ಒಂದನ್ನು, ತಾನೇ ಮುಂದೆ ನಿಂತು ನಡೆಸಬೇಕು.

ಲಾಯದ ಮ್ಯಾನೇಜರ್ ಉಳ್ಳಾಲದ ಶಾನವಾಝ್. ಮನುಷ್ಯ ಒಳ್ಳೆಯವನು, ಆದರೆ ರಜೆಯ ಮಕ್ಕಳ ಸವಾರಿ ಎಂದರೆ ಅವನಿಗೆ ತಲೆನೋವು. ಪ್ರತಿ ರಜೆಯಲ್ಲೂ ಅದೇ ಕಥೆ: ಅರ್ಧ ದಾರಿಯಲ್ಲಿ ಒಂದು ಮಗು ಅಳುವುದು, ಅದನ್ನು ನೋಡಿ ಉಳಿದವು ಅಳುವುದು, ಎಲ್ಲರನ್ನೂ ಇಳಿಸಿ ಪಿಕಪ್ ಗಾಡಿಯಲ್ಲಿ ತುಂಬಿ ತರುವುದು.

“ಬಾಯಮ್ಮ, ನೀವು ಕೇಳಿ ಕೇಳಿ ನನ್ನ ಕಿವಿ ತೂತಾಯ್ತು,” ಎಂದ ಶಾನವಾಝ್, ಕ್ರಿಸ್ಮಸ್ ರಜೆ ಶುರುವಾದಾಗ. “ಈ ಶನಿವಾರ ಮಕ್ಕಳ ರೈಡ್ ನಿಮ್ಮದೇ. ದೊಡ್ಡ ಘಾಫ್ ಮರದವರೆಗೆ ಹೋಗಿ ಬರುದು. ಆದ್ರೆ ಕುದುರೆ ಮೇಲೆ ಹೋದವರು ಕುದುರೆ ಮೇಲೇ ಬರ್ಬೇಕು. ಒಬ್ರೂ ಇಳೀಬಾರ್ದು. ಪಿಕಪ್ ಕಳಿಸಿ ಅಂತ ಫೋನ್ ಬರ್ಬಾರ್ದು.”

“ಒಬ್ರೂ ಇಳೀದಿದ್ರೆ?”

“ಜನವರಿಯಿಂದ ಮಕ್ಕಳ ರೈಡ್ ಎಲ್ಲ ನಿಮಗೆ. ಇಳಿದ್ರೆ ಕೌಂಟರೇ ಖಾಯಂ. ಮತ್ತೆ ಕೇಳ್ಲಿಕ್ಕಿಲ್ಲ. ಖಲಾಸ್.”

ಶನಿವಾರ ಬೆಳಿಗ್ಗೆ ಮಕ್ಕಳು ಬಂದರು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಿಂದ ಜೇಸನ್ ಮತ್ತು ಅಲಿಶಾ, ಅಣ್ಣ ತಂಗಿ. ಮೋಡಕ್ಕೆ ಕಿಟಕಿ ತಾಗುವ ಮಹಡಿಯಲ್ಲಿ ಹುಟ್ಟಿ ಬೆಳೆದ ಈ ಮಕ್ಕಳಿಗೆ ಕುದುರೆಯ ಬೆನ್ನು ಮಾತ್ರ ಭಯಂಕರ ಎತ್ತರವಾಗಿ ಕಂಡಿತು. ಪಕ್ಕದ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಿಂದ ಬಂದವನು ಆದರ್ಶ. ಮೈಸೂರು ಕಡೆಯವರ ಮಗ. ಅವನು ಕುದುರೆಯನ್ನು ಒಂದು ಸುತ್ತು ಹಾಕಿ ನೋಡಿ, “ಆಂಟಿ, ವೇರ್ ಈಸ್ ದ ಬ್ರೇಕ್?” ಎಂದ.

“ನೀನು ಹಿಡ್ಕೊಂಡಿರುವ ಲಗಾಮೇ ಬ್ರೇಕ್.”

“ಆಂಡ್ ರಿವರ್ಸ್?”

“ರಿವರ್ಸ್ ಮಾಫಿ, ಇಲ್ಲ,” ಎಂದರು ಉರ್ಸುಲಾ. “ನಾವು ಮುಂದೆ ಮಾತ್ರ ಹೋಗುದು.”

ನಾಲ್ಕನೆಯವಳು ರುವೈಸಿನ ಸ್ಟೇಸಿ. ಎಂಟು ವರ್ಷ. ಅಪ್ಪ ಜೋಸ್ವಿನನ ಪ್ಯಾಂಟಿನ ಹಿಂದೆ ಅವಿತಿದ್ದಳು. ಜೋಸ್ವಿನ್ ರಿಫೈನರಿಯಲ್ಲಿ ಇಂಜಿನಿಯರ್. ದೈತ್ಯ ಪೈಪುಗಳ ಪ್ರೆಶರ್ ನೋಡಿಕೊಳ್ಳುವುದು ಅವನ ಕೆಲಸ. ಈಗ ಅವನದೇ ಪ್ರೆಶರ್ ಏರಿತ್ತು.

“ಉರ್ಸುಲಾ ಬಾಯಿ, ಇದು ಕಚ್ಚುದಿಲ್ಲ ಅಲ್ವಾ?”

“ಇಲ್ಲ.”

“ಒದೆಯುದಿಲ್ಲ ಅಲ್ವಾ?”

“ಜೋಸ್ವಿನ್, ಹತ್ತುದು ನೀವಾ ಮಗುವಾ?”

“ಡ್ಯಾಡಾ, ಇಟ್ ಈಸ್ ಲುಕಿಂಗ್ ಅಟ್ ಮಿ,” ಎಂದು ಸ್ಟೇಸಿ ಪಿಸುಗುಟ್ಟಿದಳು. ಸುಕ್ಕರ್ ಎಂಬ ಬಿಳಿ ಕುದುರೆ ಅವಳನ್ನೇ ನೋಡುತ್ತಿತ್ತು.

“ನೀನೂ ನೋಡು ಮಗಾ,” ಎಂದರು ಉರ್ಸುಲಾ. “ಅದಕ್ಕೂ ಹೆದರಿಕೆ. ಇವತ್ತು ಯಾರು ಬಂದು ಮೇಲೆ ಕೂತ್ಕೊಳ್ತಾರಪ್ಪಾ ಅಂತ.”

ಹೆದರಿದ ಕುದುರೆಯ ಮೇಲೆ ಸ್ಟೇಸಿಗೆ ಕೊಂಚ ಕರುಣೆ ಹುಟ್ಟಿತು. ಕರುಣೆಯಿಂದಲೇ ಹತ್ತಿದಳು. ಹತ್ತಿದ ಮೇಲೆ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಡಬ್ಬಿಗಳು ಹೊರಬಂದವು. ಕ್ರಿಸ್ಮಸ್ ವಾರದಲ್ಲಿ ನಮ್ಮವರು ಯಾರ ಬಳಿಗೂ ಖಾಲಿ ಕೈಯಲ್ಲಿ ಹೋಗುವುದಿಲ್ಲ. ದಂತವೈದ್ಯರಲ್ಲಿ ಹಲ್ಲು ಕೀಳಿಸಲು ಹೋದರೂ ಕುಸ್ವಾರ್ ಎಂಬ ಹಬ್ಬದ ಸಿಹಿಗಳ ಒಂದು ಡಬ್ಬಿ ಒಯ್ಯುತ್ತಾರೆ. ಜೋಸ್ವಿನ್ ತಂದದ್ದು ತಾಯಿ ಊರಿಂದ ಕಳಿಸಿದ ಕಿಡಿಯೊ, ಗುಳಿಯೊ, ಎಳ್ಳುಬೆಲ್ಲ ತುಂಬಿದ ನೆವ್ರಿ. ರೀಮ್ ಐಲ್ಯಾಂಡಿನವರದು ಇನ್ನೊಂದು ಡಬ್ಬಿ. ಕ್ರಿಸ್ಮಸ್ಸಿಗೂ ತಮಗೂ ಸಂಬಂಧವಿಲ್ಲದಿದ್ದರೂ ಆದರ್ಶನ ತಾಯಿ ತುಪ್ಪ ಸುರಿಯುವ ಮೈಸೂರುಪಾಕು ಕೊಟ್ಟರು.

ಸವಾರಿಗೆ ತಿನ್ನುವ ಪದಾರ್ಥ ತರಬೇಡಿ ಎಂದು ಉರ್ಸುಲಾ ಕೌಂಟರಿನಲ್ಲಿ ಕೂತು ದಿನವೂ ಗಿರಾಕಿಗಳಿಗೆ ಹೇಳುತ್ತಿದ್ದರು. ಹೇಳುವಾಗ ಅವರ ಮನಸ್ಸಿನಲ್ಲಿದ್ದದ್ದು ಚಿಪ್ಸು, ಬರ್ಗರು. ಕುಸ್ವಾರ್ ಆ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ. ಕುಸ್ವಾರ್ ಎಂದರೆ ಮರ್ಯಾದೆ, ಮರ್ಯಾದೆಯನ್ನು ಯಾರಾದರೂ ತಿಂಡಿ ಎನ್ನುತ್ತಾರೆಯೇ? ಕೌಂಟರಿನಲ್ಲಿಟ್ಟರೆ ಶಾನವಾಝ್ ಮುಗಿಸಿಬಿಡುತ್ತಾನೆ. ಮೂರೂ ಡಬ್ಬಿಗಳನ್ನು ಚೀಲಕ್ಕೆ ಹಾಕಿ ತಮ್ಮ ಕುದುರೆಯ ಜೀನಿನ ಹಿಂದೆ ಬಿಗಿದರು. ಘಾಫ್ ಮರದ ನೆರಳಲ್ಲಿ ಮಕ್ಕಳ ಜೊತೆ ತಿನ್ನಬಹುದಲ್ಲ.

“ಯಲ್ಲಾ, ಸಾಲು!” ಎಂದು ಕೂಗಿದರು. ಕಾನ್ವೆಂಟಿನ ಅಸೆಂಬ್ಲಿಯೇ ಮತ್ತೆ ಹುಟ್ಟಿಬಂದ ಹಾಗಿತ್ತು. ಮುಂದೆ ನಜ್ಮಾ ಎಂಬ ಕಂದು ಹೆಣ್ಣುಕುದುರೆಯ ಮೇಲೆ ಉರ್ಸುಲಾ. ಹಿಂದೆ ಸ್ಟೇಸಿ, ಅಲಿಶಾ, ಆದರ್ಶ, ಜೇಸನ್, ಎತ್ತರದ ಪ್ರಕಾರ. ಎಲ್ಲರಿಗಿಂತ ಹಿಂದೆ ತನ್ನ ಕುದುರೆಯ ಮೇಲೆ ಬೀದರಿನ ಅನ್ಸಾರ್, ಲಾಯದ ಹಳೆಯ ಸವಾರ. ಪ್ರತಿ ಕುದುರೆಯ ನಡುವೆ ಇನ್ನೊಂದು ಕುದುರೆ ನಿಲ್ಲುವಷ್ಟು ಜಾಗ.

ಗೇಟು ದಾಟಿದರು. ಉರ್ಸುಲಾರ ಮುಂದೆ ಯಾರ ಬೆನ್ನೂ ಇಲ್ಲ! ಬರೀ ಮರಳು, ಬರೀ ಬೆಳಕು! ಮೂರು ವರ್ಷ ಬೇರೆಯವರ ಕುದುರೆಯ ಬಾಲ ನೋಡಿಕೊಂಡು ನಡೆದವರಿಗೆ ಇದೇ ಸ್ವರ್ಗ.

ಹಿಂದಿನಿಂದ ಸ್ಟೇಸಿಯ ದನಿ ಬಂತು. “ಆಂಟಿ, ಆಮ್ ಐ ಸ್ಟಿಲ್ ಆನ್ ದ ಹಾರ್ಸ್?”

“ಕಣ್ಣು ಬಿಟ್ಟು ನೋಡು ಮಗಾ!”

ಆಗಲೇ ಎಡಗಡೆಯ ಪೊದೆಯಿಂದ ಜಿಂಕೆಯೊಂದು ಛಂಗನೆ ಹಾರಿ ದಿಬ್ಬ ಏರಿತು. “ವೋ!” ಎಂದು ಜೇಸನ್ ಕಿರುಚಿದ. ಸ್ಟೇಸಿ ಕಣ್ಣು ಬಿಟ್ಟಳು. ಮತ್ತೆ ಮುಚ್ಚಲಿಲ್ಲ. ನಾಲ್ಕೂ ಮಕ್ಕಳು ಒಟ್ಟಿಗೆ ಮಾತಾಡತೊಡಗಿದರು. ಎಲ್ಲವೂ ಬೆಣ್ಣೆಯ ಹಾಗೆ ಸಾಗುತ್ತಿತ್ತು, ದೊಡ್ಡ ದಿಬ್ಬವನ್ನು ಬಳಸಿ ತಿರುಗುವವರೆಗೆ.

ಅಲ್ಲಿ ಗಾಳಿ ಎದುರಿನಿಂದ ಬೀಸಿತು. ಮೊದಲು ಉರ್ಸುಲಾರ ಮುಖಕ್ಕೆ, ಆಮೇಲೆ ಜೀನಿನ ಹಿಂದಿನ ಚೀಲಕ್ಕೆ, ಅಲ್ಲಿಂದ ನೇರ ಸುಕ್ಕರನ ಮೂಗಿಗೆ. ಬೆಲ್ಲ, ಎಳ್ಳು, ತೆಂಗಿನಕಾಯಿ, ತುಪ್ಪ. ಜೀವಮಾನವಿಡೀ ಒಣಹುಲ್ಲು ತಿಂದ ಪ್ರಾಣಿ ಅದು. ಕಿವಿ ನಿಮಿರಿತು. ಹೆಜ್ಜೆ ಚುರುಕಾಯಿತು. ಹಿಂದಿನವುಗಳಿಗೂ ಸುದ್ದಿ ಮುಟ್ಟಿತು.

“ಅಕ್ಕಾ, ಲೈನ್ ಕೆಡ್ಲತದ್ರೀ!” ಎಂದು ಅನ್ಸಾರ್ ಹಿಂದಿನಿಂದ ಕೂಗಿದ.

ಉರ್ಸುಲಾ ತಿರುಗಿ ನೋಡಿದರೆ ಸಾಲೇ ಇಲ್ಲ. ನಾಲ್ಕು ಕುದುರೆಗಳೂ ಮದುವೆ ಮನೆಯ ಬಫೆಗೆ ನುಗ್ಗಿದವರಂತೆ ನಜ್ಮಾಳ ಹಿಂಭಾಗಕ್ಕೆ ಮುತ್ತಿವೆ. ಸುಕ್ಕರ್ ಚೀಲದ ದಾರವನ್ನು ಬಾಯಲ್ಲಿ ಕಚ್ಚಿ ಎಳೆಯುತ್ತಿದೆ. ಅಲಿಶಾ, “ಸ್ಟಾಪ್ ಇಟ್! ಸ್ಟಾಪ್ ಇಟ್!” ಎಂದು ಅಳುವುದರಲ್ಲಿದ್ದಾಳೆ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಆದರ್ಶನ ದೂರು. ಮತ್ತು ನಜ್ಮಾ ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲ ಝಾಡಿಸಿ, ಹಿಂಗಾಲೊಂದನ್ನು ಮೆಲ್ಲನೆ ಎತ್ತಿದ್ದಾಳೆ. ಆ ಕಾಲು ಬೀಸಿದರೆ ಸ್ಟೇಸಿಯ ಮೊಣಕಾಲಿಗೇ.

ಸಾಯ್ಬಾ, ದೇವರೇ!

ಚೀಲ ಕಿತ್ತು ಎಸೆದರೆ? ನಾಲ್ಕೂ ಕುದುರೆಗಳು ತಲೆ ಬಗ್ಗಿಸುತ್ತವೆ, ಮಕ್ಕಳು ಪಾರ್ಕಿನ ಜಾರುಬಂಡಿಯ ಹಾಗೆ ಕುತ್ತಿಗೆಯ ಮೇಲಿಂದ ಜಾರುತ್ತಾರೆ. ನಜ್ಮಾಳನ್ನು ಓಡಿಸಿದರೆ? ಹಿಂದಿನವೂ ಓಡುತ್ತವೆ. ಉಳಿದದ್ದು ಒಂದೇ: ಚೀಲ ಹಿಡಿದು ತಾವು ಇಳಿಯುವುದು. ಕುದುರೆ ಹತ್ತಲು ಉರ್ಸುಲಾಗೆ ಮರದ ಮೆಟ್ಟಿಲು ಬೇಕು. ಮರಳುಗಾಡಿನಲ್ಲಿ ಅದನ್ನು ಯಾರೂ ಇಟ್ಟಿರಲಿಲ್ಲ. ಇಲ್ಲಿ ಇಳಿದರೆ ಲಾಯದವರೆಗೂ ನಡಿಗೆ. ಇಳಿದರೆ ಕೌಂಟರ್.

ಉರ್ಸುಲಾ ಇಳಿದರು. ಧೊಪ್ಪನೆ, ಚೀಲದ ಸಮೇತ.

“ಅನ್ಸಾರ್, ನಜ್ಮಾಳನ್ನು ಹಿಂದೆ ಕರ್ಕೊಂಡು ಹೋಗು!”

ಅನ್ಸಾರ್ ಬಂದು ನಜ್ಮಾಳ ಲಗಾಮು ಹಿಡಿದ. ಮುನಿಸು ಇಳಿದು ಅವಳು ಕಾಲೂ ಇಳಿಸಿ ಅವನ ಜೊತೆ ದೂರ ಹೋದಳು. ಉಳಿದ ಕುದುರೆಗಳು ಈಗ ಉರ್ಸುಲಾರನ್ನೇ ಪ್ರೀತಿಯಿಂದ ನೋಡಿದವು. ಇಷ್ಟು ಪ್ರೀತಿಯಿಂದ ನಾರ್ಬರ್ಟರೂ ನೋಡಿದ್ದಿಲ್ಲ. ಅವರು ಒಂದು ಕೈಯಲ್ಲಿ ಚೀಲವನ್ನು ಹೆಲ್ಮೆಟ್ಟಿನ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಸುಕ್ಕರನ ಲಗಾಮು ಹಿಡಿದು ನಡೆಯತೊಡಗಿದರು. ಸುಕ್ಕರ್ ಹಿಂದೆ ಬಂತು. ಅದರ ಹಿಂದೆ ಒಂದು, ಮತ್ತೊಂದು. ಮಂತ್ರ ಹಾಕಿದಂತೆ ಸಾಲು ತಾನೇ ಕೂಡಿತು.

ಸ್ಟೇಸಿ ಮುಂದೆ ನೋಡಿದಳು, ಹಿಂದೆ ನೋಡಿದಳು. “ಆಂಟಿ, ಈಗ ಫ್ರಂಟಲ್ಲಿ ಯಾರು?”

“ಕುದುರೆ ಮೇಲೆ ಕೂತವರಲ್ಲಿ ನೀನೇ.”

“ಮಿ?”

“ಮತ್ತೆ ನಾನಾ? ನಾನು ಹಮಾಲಿ. ಹೇಳು ಮಗಾ, ಮನೆಗೆ ತಿರುಗುದಾ, ಮರದವರೆಗೆ ಹೋಗುದಾ?”

ಸ್ಟೇಸಿ ಬೆನ್ನು ನೆಟ್ಟಗೆ ಮಾಡಿ, ಕೈ ಮುಂದಕ್ಕೆ ಚಾಚಿ, ಅಬುಧಾಬಿಯವರೆಗೆ ಕೇಳುವಂತೆ ಕೂಗಿದಳು: “ಟ್ರೀ!”

“ಟ್ರೀ! ಟ್ರೀ!” ಎಂದು ಉಳಿದ ಮೂವರೂ ಕಿರುಚಿದರು. ಘಾಫ್ ಮರಕ್ಕೆ ಮೂರು ಸುತ್ತು ಹಾಕಿದರು, ಯಾರೂ ಸಾಕು ಎನ್ನಲಿಲ್ಲ. ಮಕ್ಕಳು ಕುದುರೆಯ ಮೇಲೆ ಕೂತೇ ಗುಳಿಯೊ ತಿಂದರು. ಕುದುರೆಗಳಿಗೂ ಒಂದೊಂದು ಸಿಕ್ಕಿತು. ಹಿಂತಿರುಗುವಾಗ ಜೇಸನ್ ಬಸ್ಸಿನ ಹಾಡು ಶುರುಮಾಡಿದ, ಆದರ್ಶ ತಾಳ ಹಾಕಿದ. ಉರ್ಸುಲಾರ ಬೂಟಿನೊಳಗೆ ಅರ್ಧ ಮರಳುಗಾಡೇ ಸೇರಿತ್ತು, ಆದರೂ ಅವರೇ ಎಲ್ಲರಿಗಿಂತ ಜೋರಾಗಿ ಹಾಡಿದರು.

ಗೇಟಿನಲ್ಲಿ ಶಾನವಾಝ್ ನಿಂತಿದ್ದ. ಪಕ್ಕದಲ್ಲಿ ಮುಂದಿನ ಸವಾರಿಗೆ ಬಂದ ಆಫೀಸಿನ ಗುಂಪು. ಜೋಸ್ವಿನ್ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದ.

“ಬಾಯಮ್ಮ, ನಡ್ಕೊಂಡು ಬಂದ್ರಿ,” ಎಂದ ಶಾನವಾಝ್.

“ಹೌದು. ತಿಂಡಿ ಕಟ್ಕೊಂಡು ಹೋದದ್ದು ನನ್ನ ತಪ್ಪು. ಇಳಿಯದೆ ಉಪಾಯ ಇರ್ಲಿಲ್ಲ.”

“ಮೇಲೆ ಹೋದವರು ಮೇಲೇ ಬರ್ಬೇಕು ಅಂತ ಹೇಳಿದ್ದೆ.”

“ಹೇಳಿದ್ರಿ.” ಉರ್ಸುಲಾ ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟರು. ಕೌಂಟರಿನ ಕಡೆ ಹೊರಟರು.

ಅನ್ಸಾರ್ ಮರದ ಮೆಟ್ಟಿಲು ತಂದು ಸುಕ್ಕರನ ಪಕ್ಕದಲ್ಲಿಟ್ಟ. “ಬಾ ಬೇಬಿ, ಇಳಿ.”

“ನೋ,” ಎಂದಳು ಸ್ಟೇಸಿ.

“ನೋ,” ಎಂದಳು ಅಲಿಶಾ. ಹುಡುಗರು ಲಗಾಮು ಇನ್ನಷ್ಟು ಬಿಗಿಯಾಗಿ ಹಿಡಿದರು.

“ಸ್ಟೇಸಿ, ಬಾ ಮಗಾ, ರುವೈಸ್ ಮುಟ್ಲಿಕ್ಕೆ ತುಂಬ ಹೊತ್ತು ಬೇಕು,” ಎಂದು ಜೋಸ್ವಿನ್ ಬೇಡಿದ.

“ಯೂ ಗೋ, ಡ್ಯಾಡಾ.”

ಶಾನವಾಝ್ ನಕ್ಕು ನೋಡಿದ. ಗದರಿ ನೋಡಿದ. ಕ್ಯಾರೆಟ್ ತೋರಿಸಿದ, ಅದು ಕುದುರೆಗೆ ಮಾತ್ರ ಇಷ್ಟವಾಯಿತು. ಆಫೀಸಿನ ಗುಂಪು ವಾಚು ನೋಡತೊಡಗಿತು. ಕೊನೆಗೆ ಅವನು ಕೌಂಟರಿಗೇ ಬಂದ.

“ಬಾಯಮ್ಮ, ನೀವೊಂದು ಮಾತು ಹೇಳಿ ಅವರಿಗೆ.”

“ನಾನಾ? ಕೌಂಟರಿನವರು ಕುದುರೆ ವಿಷಯದಲ್ಲಿ ಮಾತಾಡ್ಲಿಕ್ಕುಂಟಾ?”

“ತಮಾಷೆ ಮಾಡ್ಬೇಡಿ ಮಾರಾಯ್ತಿ.”

“ತಮಾಷೆ ಎಂಥದ್ದು ಶಾನವಾಝ್ ಭಾಯ್? ಒಬ್ರೂ ಇಳೀಬಾರ್ದು ಅಂತ ನೀವೇ ಹೇಳಿದ್ದು. ಮಕ್ಕಳು ದಾರಿಯಲ್ಲಿ ಇಳೀಲಿಲ್ಲ.” ಕಿಟಕಿಯಿಂದ ಕೈ ತೋರಿಸಿದರು. “ನೋಡಿ, ಇನ್ನೂ ಇಳೀಲಿಲ್ಲ.”

ಶಾನವಾಝ್ ಕುದುರೆಗಳನ್ನು ನೋಡಿದ, ಆಫೀಸಿನ ಗುಂಪನ್ನು ನೋಡಿದ, ಆಕಾಶವನ್ನೂ ನೋಡಿದ. ಎಲ್ಲೂ ಸಹಾಯ ಕಾಣಲಿಲ್ಲ.

“ಸರಿ. ಜನವರಿಯಿಂದ ಮಕ್ಕಳ ರೈಡ್ ನಿಮ್ಮದೇ. ಆದ್ರೆ ಡಬ್ಬಿ ಕಟ್ಟುದು ಬಂದ್.”

ಉರ್ಸುಲಾ ಹಾರಿಕೊಂಡೇ ಹೊರಬಂದರು. “ಚಿಲ್ಡ್ರನ್!” ಎಂದು ಕರೆದ ದನಿಯಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳೆಲ್ಲ ಒಟ್ಟಿಗೆ ಇದ್ದರು. “ಇಳಿದವರಿಗೆ ಮಾತ್ರ ನೆಕ್ಸ್ಟ್ ರೈಡ್!”

ಮೂವರು ದಡದಡ ಇಳಿದರು. ಸ್ಟೇಸಿ ಕೊನೆಗೆ, ಅಪ್ಪ ಚಾಚಿದ ಕೈಯನ್ನು ಬದಿಗೆ ಸರಿಸಿ, ತಾನೇ ಮೆಟ್ಟಿಲಿಗೆ ಹಾರಿ ಉರ್ಸುಲಾರ ಮುಂದೆ ಬಂದು ನಿಂತಳು.

“ನೆಕ್ಸ್ಟ್ ಟೈಮ್ ಹೂ ಈಸ್ ಇನ್ ಫ್ರಂಟ್?”

“ನಾನು.”

“ನೋ. ಮಿ.”

“ನೀನು ನನ್ನ ಹಿಂದೆ ಮಗಾ.”

“ಯೂ ಕ್ಯಾನ್ ವಾಕ್,” ಎಂದಳು ಸ್ಟೇಸಿ.