ಬಾಗಿಲಲ್ಲಿ ನುಡಿದ ಕಲ್ಯಾಣಿ

ನನ್ನ ತುಟಿಗಳು ದಪ್ಪ. ನಲವತ್ತೆಂಟು ವರ್ಷ ಇದನ್ನೊಂದು ಕೊರತೆಯೆಂದೇ ತಿಳಿದಿದ್ದೆ. ಶಾಲೆಯ ಗುಂಪು ಫೋಟೋಗಳಲ್ಲೆಲ್ಲ ತುಟಿಗಳನ್ನು ಒಳಗೆಳೆದುಕೊಂಡು, ಆಗಷ್ಟೇ ಹಲ್ಲು ಕೀಳಿಸಿಕೊಂಡು ಬಂದವನ ಹಾಗೆ ನಿಂತಿದ್ದೇನೆ. ಇಂಥ ತುಟಿಗೂ ಹೇಳಿ ಮಾಡಿಸಿದ ಒಂದು ವಾದ್ಯ ಇದೆಯೆಂದು ನನಗೆ ತೋರಿಸಿಕೊಟ್ಟವರು ನಮ್ಮ ಮನೆಯ ಎಸಿ ರಿಪೇರಿಗೆ ಬಂದವರು. ಅವರಿಗೆ ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿದೆ. ಅದಕ್ಕೂ ಮೊದಲು, ಅಲ್ಲಿಯವರೆಗೆ ನಾನು ಕೆಡಿಸಿದ ವಾದ್ಯಗಳ ಕಥೆ ಹೇಳಿಬಿಡುತ್ತೇನೆ. ಅದನ್ನು ಹೇಳುವುದು ಸುಲಭ.

ಮೈಸೂರಿನಲ್ಲಿ ಹತ್ತು ವರ್ಷದವನಿದ್ದಾಗ ಅಪ್ಪ ನನ್ನನ್ನು ಪಿಟೀಲು ಪಾಠಕ್ಕೆ ಸೇರಿಸಿದರು. ಎರಡನೆಯ ತಿಂಗಳಲ್ಲಿ ಪಕ್ಕದ ಮನೆಯವರು ಎಣ್ಣೆಯ ಬಟ್ಟಲು ಹಿಡಿದು ಬಂದು, ನಮ್ಮ ಗೇಟಿನ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಹೋದರು. ಶಬ್ದ ಅಲ್ಲಿಂದ ಬರುತ್ತಿದೆ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಕಾಲೇಜಿನಲ್ಲಿ ಕೊಳಲು ಹಿಡಿದೆ. ಆರು ತಿಂಗಳು ಊದಿದರೂ ಗಾಳಿಯಷ್ಟೇ ಹೊರಬಂತು, ಜೊತೆಗೆ ತಲೆಸುತ್ತು. ಎಂಜಿನಿಯರಾಗಿ ಮಸ್ಕತ್ತಿಗೆ ಬಂದ ಮೇಲೆ ಕೀಬೋರ್ಡ್ ಕೊಂಡೆ. ಅದರಲ್ಲೊಂದು ಗುಂಡಿ ಒತ್ತಿದರೆ ತಾನೇ ನುಡಿಸಿಕೊಳ್ಳುತ್ತದೆ; ನಾನು ಕೈ ಹಾಕದಿದ್ದಾಗ ಬಹಳ ಚೆನ್ನಾಗಿರುತ್ತಿತ್ತು. ಮಗಳು ಕೋಣೆಯಿಂದ ಕೂಗುತ್ತಿದ್ದಳು, “ಅಪ್ಪಾ, ಪ್ಲೀಸ್! ಐ ಹ್ಯಾವ್ ಎ ಟೆಸ್ಟ್!”

ಆಮೇಲೆ ಊದ್. ಹೆಸರು ಕೇಳಿ ಊದುವ ವಾದ್ಯವೆಂದುಕೊಳ್ಳಬೇಡಿ. ಅದು ಅರಬರ ತಂತಿವಾದ್ಯ, ಬೆನ್ನು ಅರ್ಧ ಸೀಳಿದ ಕುಂಬಳಕಾಯಿಯ ಹಾಗೆ ಗುಂಡಗಿರುತ್ತದೆ. ಇಲ್ಲಿನ ಹಳೆಯ ಪೇಟೆಯಾದ ಮತ್ರಾ ಸೂಕಿನ ಒಂದು ಓಣಿಯಲ್ಲಿ ಮುದುಕರೊಬ್ಬರು ಅದನ್ನು ನನ್ನ ಮಡಿಲಲ್ಲಿಟ್ಟರು. ಅದರ ಹೊಟ್ಟೆಗೂ ನನ್ನ ಹೊಟ್ಟೆಗೂ ಹೊಂದಾಣಿಕೆಯಾಗಲಿಲ್ಲ. ಜಾರಿ ಜಾರಿ ಮೊಣಕಾಲಿಗೆ ಹೋಯಿತು. ಮುದುಕರು ಸ್ವಲ್ಪ ಹೊತ್ತು ನೋಡಿ, ಅದನ್ನು ವಾಪಸು ತೆಗೆದುಕೊಂಡು, ಹಿಂದಿಯಲ್ಲಿ “ಇದು ನಿಮ್ಮದಲ್ಲ ಭಾಯಿ” ಎಂದರು. ಮಾರುವವರೇ ಬೇಡವೆಂದ ಮೇಲೆ ಕೊಳ್ಳುವವನು ಏನು ಮಾಡಿಯಾನು?

ವಾಮನಣ್ಣ ಬಂದದ್ದು ಅದಾದ ಮೇಲೆ. ಅಲ್ ಹೈಲ್ ಬಡಾವಣೆಯ ನಮ್ಮ ಮನೆಯ ಎಸಿಯಿಂದ ನೀರು ಸೋರುತ್ತಿತ್ತು. ಕಂಪನಿಯ ಸಮವಸ್ತ್ರ ತೊಟ್ಟ, ಐವತ್ತೈದರ ಆಸುಪಾಸಿನ, ಉಡುಪಿ ಕಡೆಯ ಮನುಷ್ಯ. ಅವರು ಏಣಿಯ ಮೇಲಿದ್ದಾಗ ನಾನು ನನ್ನ ಪಾಡಿಗೆ ಕೀಬೋರ್ಡಿನಲ್ಲಿ ಮೋಹನ ರಾಗ ಹುಡುಕುತ್ತಿದ್ದೆ.

“ಅದರಲ್ಲಿ ಮಧ್ಯಮ ಇಲ್ಲ ಸರ್,” ಎಂದು ಮೇಲಿನಿಂದ ದನಿ ಬಂತು.

ನಾನು ತಲೆಯೆತ್ತಿದೆ. ಅವರಿಗೇ ನಾಚಿಕೆಯಾಯಿತೇನೋ, “ನಮ್ಮದು ಓಲಗದ ಮನೆ ಅಲ್ಲವಾ ಸರ್, ಬಾಯಿಗೆ ಬಂತು,” ಎಂದರು.

ಅವರ ಅಜ್ಜ ದೇವಸ್ಥಾನದಲ್ಲಿ ನಾಗಸ್ವರ ನುಡಿಸುತ್ತಿದ್ದರಂತೆ, ಅಪ್ಪ ಸ್ಯಾಕ್ಸೊಫೋನಿಗೆ ಬದಲಾದರಂತೆ. ನಮ್ಮ ಕರಾವಳಿಯಲ್ಲಿ ಪೂಜೆಗೂ ಮದುವೆಗೂ ಸ್ಯಾಕ್ಸೊಫೋನ್ ಊದುವುದು ಎಷ್ಟು ಸಹಜವೆಂದರೆ, ಅದು ಯುರೋಪಿನ ಸೈನಿಕ ಬ್ಯಾಂಡುಗಳಿಂದ ಬಂದದ್ದೆಂದರೆ ಅಲ್ಲಿನ ಅಜ್ಜಿಯರು ನಂಬುವುದಿಲ್ಲ. ಅದರ ಜಾತಕವೇ ವಿಚಿತ್ರ. ಮೈಯೆಲ್ಲ ಹಿತ್ತಾಳೆ, ಆದರೂ ಸಂಗೀತ ಬಲ್ಲವರು ಅದನ್ನು ಮರದ ವಾದ್ಯಗಳ ಪಂಕ್ತಿಯಲ್ಲೇ ಕೂರಿಸುತ್ತಾರೆ. ಕಾರಣ, ಬಾಯಿಯ ಹತ್ತಿರ ಇರುವ ಬೆರಳುದ್ದದ ಒಂದು ಜೊಂಡಿನ ಸೀಳು. ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬ ಚಿಂತೆ ಮನುಷ್ಯನನ್ನು ಎಲ್ಲಿಯೂ ಬಿಡುವುದಿಲ್ಲ.

ವಾಮನಣ್ಣನ ಸ್ಯಾಕ್ಸೊಫೋನ್ ಕಂಪನಿಯ ಕ್ಯಾಂಪಿನಲ್ಲಿ, ಮಂಚದ ಕೆಳಗೆ ಕಂಬಳಿ ಸುತ್ತಿಕೊಂಡು ಮಲಗಿತ್ತು. “ರೂಮಲ್ಲಿ ಎಂಟು ಜನ. ಒಬ್ಬನದ್ದಲ್ಲ ಒಬ್ಬನದ್ದು ನಿದ್ರೆ. ಎಲ್ಲಿ ಊದುವುದು?” ಎಂದರು. ನನಗೆ ಗುರು ಬೇಕಾಗಿತ್ತು, ಅವರಿಗೆ ಜಾಗ ಬೇಕಾಗಿತ್ತು. ಇಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಅವರನ್ನು ಕ್ಯಾಂಪಿನಿಂದ ಕಾರಿನಲ್ಲಿ ಕರೆತಂದು, ಅಲ್ ಹೈಲ್‌ನ ಕಡಲ ದಂಡೆಗೆ ಹೋಗತೊಡಗಿದೆ. ಮೊದಲನೆಯ ದಿನ ಅವರ ವಾದ್ಯವನ್ನೇ ಹಿಡಿದು, ಅವರು ಹೇಳಿದ ಹಾಗೆ ತುಟಿ ಮಡಿಸಿ ಊದಿದೆ. ಒಂದು ಷಡ್ಜ, ದುಂಡಗೆ, ನೇರವಾಗಿ ಹೊರಟು ನೀರಿನ ಮೇಲೆ ಹೋಯಿತು. ನನ್ನೊಳಗಿಂದ ಅಂಥದ್ದು ಅದುವರೆಗೆ ಏನೂ ಬಂದಿರಲಿಲ್ಲ.

“ನೋಡಿ! ಈ ತುಟಿಯನ್ನು ಇಷ್ಟು ವರ್ಷ ಎಂತಕ್ಕೆ ಹಾಳು ಮಾಡಿದ್ದು ಮಾರಾಯ್ರೆ?” ಎಂದು ಅವರು ನಕ್ಕರು.

ನನ್ನದೇ ಒಂದು ಸ್ಯಾಕ್ಸೊಫೋನ್ ಕೊಂಡು ಎರಡು ವರ್ಷ ಕಲಿತೆ. ನನ್ನ ಪಾಠ ಮುಗಿದ ಮೇಲೆ ಅವರು ಒಬ್ಬರೇ ಕಡಲಿಗೆ ಮುಖ ಮಾಡಿ ಕಲ್ಯಾಣಿ ನುಡಿಸುತ್ತಿದ್ದರು. ಬಲೆ ಸರಿಪಡಿಸುತ್ತಿದ್ದ ಒಮಾನಿ ಬೆಸ್ತರು ಕೈ ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಇಡ್ಲಿ. ನನ್ನ ಹೆಂಡತಿ ರಜನಿ, “ವಾಮನಣ್ಣ, ನಿಮ್ಮಿಂದಾಗಿ ಇವರು ಶುಕ್ರವಾರ ಒಂದು ದಿನವಾದರೂ ಮನುಷ್ಯರಂಗೆ ಇರ್ತಾರೆ,” ಎನ್ನುತ್ತಿದ್ದಳು.

ಇಲ್ಲಿನ ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವ ಬಂತು. ಅಧ್ಯಕ್ಷರು ನನ್ನ ಮನೆಗೇ ಬಂದು ಒಂದು ಕಾರ್ಯಕ್ರಮ ಕೊಡಬೇಕೆಂದರು. ನಾನು ಉಬ್ಬಿಹೋಗಿ, “ನಮ್ಮ ಗುರುಗಳೂ ನುಡಿಸ್ತಾರೆ, ಜುಗಲ್‌ಬಂದಿ ಮಾಡ್ತೀವಿ,” ಎಂದೆ.

“ಗುರುಗಳು ಯಾರು?”

ಹೇಳಿದೆ. ಅವರ ಮುಖ ಅರಳಿತು. “ಓಲಗದವರಾ? ತುಂಬಾ ಒಳ್ಳೇದಾಯ್ತು ಕಣ್ರೀ! ಪೂರ್ಣಕುಂಭ ಇದೆ, ಓಲಗ ಒಂದೇ ಕಮ್ಮಿ ಇತ್ತು. ಚೀಫ್ ಗೆಸ್ಟ್ ಬರೋವಾಗ ಬಾಗಿಲಲ್ಲಿ ನಿಂತು ಊದಲಿ. ಸ್ಟೇಜ್ ಮೇಲೆ ನೀವಿರಿ, ಸಾಕು.”

ಅವರು ದುಷ್ಟರಲ್ಲ. ಉಪಾಯವೊಂದು ಹೊಳೆದ ಸಂತೋಷದಲ್ಲಿ ಹೇಳಿದರು. ಅದು ಆಗುವುದಿಲ್ಲ ಎಂಬ ಒಂದು ಮಾತು ನನ್ನ ಬಾಯಲ್ಲಿತ್ತು. ನಾನು ಹೇಳಿದ್ದು, “ಕೇಳಿ ನೋಡ್ತೀನಿ.”

ಕೇಳಲೂ ಇಲ್ಲ. ಸ್ಟೇಜಿನ ಮೇಲೆ ಇಬ್ಬರೂ ಜೊತೆಯಾಗಿ ನುಡಿಸೋಣ ಎಂದು ವಾಮನಣ್ಣನಿಗೆ ಮೊದಲೇ ಹೇಳಿಬಿಟ್ಟಿದ್ದೆ. ಆ ಶುಕ್ರವಾರ ವಾಮನಣ್ಣ “ಸ್ಟೇಜಿನಲ್ಲಿ ನಾನು ಯಾವ ಬದಿ ನಿಲ್ಲುವುದು ಸರ್?” ಎಂದಾಗ, “ಅಲ್ಲಿ ನೋಡಿಕೊಳ್ಳೋಣ,” ಎಂದುಬಿಟ್ಟೆ. ಹೇಗೋ ಎಲ್ಲ ಸರಿಹೋದೀತು ಎಂದುಕೊಂಡಿದ್ದೆ. ನನ್ನಂಥ ಅಂಜುಕುಳಿಗಳಿಗೆ ಭವಿಷ್ಯದ ಮೇಲೆ ವಿಪರೀತ ನಂಬಿಕೆ.

ಅವರು ರಜೆ ಹಾಕಿ ಬಂದರು. ಹೊಸ ಬಿಳಿ ಅಂಗಿ, ಜರಿ ಶಾಲು; ವಾದ್ಯವನ್ನು ಕನ್ನಡಿಯ ಹಾಗೆ ಉಜ್ಜಿದ್ದರು. ಬಾಗಿಲಲ್ಲೇ ಸ್ವಯಂಸೇವಕನೊಬ್ಬ ಅವರ ತಲೆಗೆ ಕೆಂಪು ಪೇಟ ಇಟ್ಟು, ಕಳಶ ಹಿಡಿದ ಹೆಂಗಸರ ಪಕ್ಕದಲ್ಲಿ ನಿಲ್ಲಿಸಿದ. ವಾಮನಣ್ಣ ನನ್ನ ಕಡೆ ನೋಡಿದರು. ನನ್ನ ಕೊರಳಲ್ಲಿ ‘ಕಲಾವಿದರು’ ಎಂಬ ಬ್ಯಾಡ್ಜು ಇತ್ತು. ನಾನು ಫೋನ್ ತೆಗೆದು, ಬಾರದ ಕರೆಯೊಂದನ್ನು ಕಿವಿಗಿಟ್ಟುಕೊಂಡು ಒಳಗೆ ಹೋದೆ.

ಮುಖ್ಯ ಅತಿಥಿಗಳು ತಡವಾಗಿ ಬಂದರು. ಮುಕ್ಕಾಲು ಗಂಟೆ ವಾಮನಣ್ಣ ಬಾಗಿಲಲ್ಲಿ ನಿಂತು ನುಡಿಸಿದರು, ಅದೇ ಕಲ್ಯಾಣಿಯನ್ನು. ಅಷ್ಟು ಚೆನ್ನಾಗಿ ಅವರು ಕಡಲ ದಂಡೆಯಲ್ಲೂ ನುಡಿಸಿರಲಿಲ್ಲ. ಜನ ಅವರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ಒಳಗೆ ಬಂದರು. ಆಮೇಲೆ ವೇದಿಕೆಯ ಮೇಲೆ ನಾನು ಎಂಟು ನಿಮಿಷ ಊದಿದೆ. ನಿರೂಪಕಿ ನನ್ನನ್ನು “ಸ್ವಂತ ಪರಿಶ್ರಮದಿಂದ ಕಲಿತ ಅಪರೂಪದ ಪ್ರತಿಭೆ” ಎಂದಳು. ತಿದ್ದಲು ಮೈಕು ನನ್ನ ಮುಂದೆಯೇ ಇತ್ತು. ತಿದ್ದಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ ಎಲ್ಲ ತೆಗೆದುಕೊಂಡು ಹೊರಗೆ ಬಂದು ನೋಡಿದರೆ ವಾಮನಣ್ಣ ಇರಲಿಲ್ಲ. ಕೆಂಪು ಪೇಟ ಒಂದು ಕುರ್ಚಿಯ ಮೇಲಿತ್ತು.

ಮುಂದಿನ ಶುಕ್ರವಾರ ಫೋನ್ ಮಾಡಿದಾಗ “ಡ್ಯೂಟಿ ಉಂಟು ಸರ್,” ಎಂದರು. ಅದರ ಮುಂದಿನ ವಾರವೂ ಡ್ಯೂಟಿ ಇತ್ತು. ಮೂರು ತಿಂಗಳ ಮೇಲೆ, ಅವರು ತಾವಾಗಿಯೇ ಕೇಳಿಕೊಂಡು ದೂರದ ಗಡಿ ಊರು ಬುರೈಮಿಯ ಶಾಖೆಗೆ ಹೋದರೆಂದು ಗೊತ್ತಾಯಿತು. ರಜನಿ ಒಂದೇ ಮಾತು ಹೇಳಿದಳು: “ಫೋನಲ್ಲಿ ಮುಗಿಯೋ ವಿಷಯ ಅಲ್ಲ ಇದು. ಹೋಗಿ ಬನ್ನಿ.”

ನಾಲ್ಕು ಗಂಟೆ ಕಾರು ಓಡಿಸಿದೆ. ದಾರಿಯುದ್ದಕ್ಕೂ ಕ್ಷಮಾಪಣೆಯನ್ನು ಮೂರು ಬಗೆಯಲ್ಲಿ ರಚಿಸಿ, ಎರಡನ್ನು ಕೈಬಿಟ್ಟೆ. ವಾಮನಣ್ಣ ಅಂಗಡಿಯಲ್ಲಿ ಬಿಚ್ಚಿಟ್ಟ ಎಸಿಯೊಂದರ ಮುಂದೆ ಕುಳಿತಿದ್ದರು. ಎದ್ದು ಕೈ ಒರೆಸಿಕೊಂಡು, ಪಕ್ಕದ ಹೋಟೆಲಿನಿಂದ ಚಹಾ ತರಿಸಿದರು. ನಾನು ಉಳಿಸಿಕೊಂಡಿದ್ದ ಮೂರನೆಯದನ್ನೂ ಕೈಬಿಟ್ಟೆ. “ತಪ್ಪಾಯ್ತು ವಾಮನಣ್ಣ,” ಎಂದೆ.

“ಬಾಗಿಲಲ್ಲಿ ನುಡಿಸಿದ್ದಕ್ಕೆ ನನಗೆ ಬೇಸರ ಇಲ್ಲ ಸರ್,” ಎಂದರು. “ನನ್ನ ಅಪ್ಪ ಬದುಕಿಡೀ ಬಾಗಿಲಲ್ಲೇ ನುಡಿಸಿದ್ದು. ಆದರೆ ಅವರನ್ನು ಯಾರೂ ಸ್ಟೇಜು ಅಂತ ಹೇಳಿ ಕರೆದಿರಲಿಲ್ಲ. ನೀವು ಮೊದಲೇ ಹೇಳಿದ್ದರೆ, ಬಂದು ಊದಿ ಹೋಗುತ್ತಿದ್ದೆ. ನಾನು ಊರಿನಲ್ಲಿ ಹೆಂಡತಿಗೆಲ್ಲ ಫೋನ್ ಮಾಡಿ ಹೇಳಿದ್ದೆ.”

ನಾನು ಚಹಾ ಕುಡಿದು ಕಪ್ಪು ಕೆಳಗಿಟ್ಟೆ.

“ಖಲಾಸ್. ಅದು ಆಯ್ತು,” ಎಂದರು ಅವರೇ.

“ಈಗ ಎಲ್ಲಿ ನುಡಿಸ್ತೀರಿ?”

“ಇಲ್ಲಿ ಎಲ್ಲುಂಟು ಜಾಗ? ವಾದ್ಯ ಊರಿಗೆ ಕಳಿಸಿದೆ. ಅಣ್ಣನ ಮಗಳು ಕಲಿಯುತ್ತಿದ್ದಾಳೆ.” ಗಿರಾಕಿಯೊಬ್ಬರು ಬಂದರು; ವಾಮನಣ್ಣ ಅರೇಬಿಕ್‌ನಲ್ಲಿ ಅವರೊಂದಿಗೆ ಮಾತಾಡಿ, ಸ್ಕ್ರೂಡ್ರೈವರ್ ಎತ್ತಿಕೊಂಡರು. ನಾನು ಹೊರಡಬೇಕೆಂದು ತಿಳಿಯಿತು. ಬಾಗಿಲ ತನಕ ಬಂದು, “ನೀವು ಮಾತ್ರ ಬಿಡಬೇಡಿ ಸರ್. ಅದು ನಿಮಗೆ ಕೂಡಿ ಬಂದ ವಾದ್ಯ,” ಎಂದರು. ಅದರಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮನೆಗೆ ಬಂದು ಬಳಗದ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದೆ: ನನಗೆ ಕಲಿಸಿದವರು ಇವರು, ಹೆಸರು ಇದು, ಅಂದು ಬಾಗಿಲಲ್ಲಿ ನಿಂತಿದ್ದವರು ಇವರೇ, ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು. ಕೆಲವರು ಹೆಬ್ಬೆರಳು ಎತ್ತಿದರು. ಒಬ್ಬರು ಕೈ ಜೋಡಿಸಿದರು. ಇನ್ನೊಬ್ಬರು, “ಇವರ ನಂಬರ್ ಕಳಿಸಿ ಸರ್, ನಮ್ಮ ಬೆಡ್‌ರೂಮ್ ಎಸಿ ಕೂಲಿಂಗ್ ಇಲ್ಲ,” ಎಂದು ಕೇಳಿದರು.

ಈಗಲೂ ನುಡಿಸುತ್ತೇನೆ. ಬಾಳಿಗೊಂದು ವಾದ್ಯ ಸಿಗುವುದು ಪುಣ್ಯ ಎನ್ನುತ್ತಾರೆ. ನನಗೆ ಸಿಕ್ಕಿದೆ, ಅದರಲ್ಲಿ ಅನುಮಾನವಿಲ್ಲ. ಸ್ವರ ಮೊದಲಿಗಿಂತ ಚೆನ್ನಾಗಿ ಬರುತ್ತದೆ, ಉಸಿರು ನಿಲ್ಲುತ್ತದೆ, ಬೆರಳು ತಪ್ಪುವುದಿಲ್ಲ. ಇಷ್ಟಾದ ಮೇಲೆ ಅದು ನನ್ನ ಬಾಯಲ್ಲಿ ಕರ್ಕಶವಾಗಿ ಕಿರುಚಬೇಕಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ವಾದ್ಯಕ್ಕೆ ಅಂಥ ನ್ಯಾಯಾನ್ಯಾಯದ ಗೊಡವೆಯಿಲ್ಲ. ಯಾರು ಸರಿಯಾಗಿ ಊದಿದರೂ ಇಂಪಾಗಿಯೇ ನುಡಿಯುತ್ತದೆ.